ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್‌ನಲ್ಲಿ ಅಮ್ಮನ ಸೋಬಾನೆ ಪದಗಳಿದ್ದವು, ವಾಪಸ್ ಸಿಗುತ್ತವಾ?

ಅರಕಲಗೂಡು ಮೇಷ್ಟ್ರು · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಿಳಿದವರು ಯಾರಾದ್ರೂ ದಯವಿಟ್ಟು ದಾರಿ ತೋರಿಸಿ.

ನನ್ನ ಹತ್ತಿರ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. 2013ರಲ್ಲಿ ತಗೊಂಡಿದ್ದು. ನಮ್ಮಮ್ಮ ಹಾಡಿದ ಸೋಬಾನೆ ಪದ, ರಾಗಿ ಬೀಸುವ ಪದ ಎಲ್ಲ ಅದರಲ್ಲಿದ್ದವು. ಒಟ್ಟು 64 ರೆಕಾರ್ಡಿಂಗ್. ಮೊದಮೊದಲು ಒಂದು ಸಣ್ಣ ವಾಯ್ಸ್ ರೆಕಾರ್ಡರ್‌ನಲ್ಲಿ, ಆಮೇಲೆ ಮೊಬೈಲ್‌ನಲ್ಲಿ ಮಾಡಿದ್ದು. 2018ರ ಮಹಾಮಸ್ತಕಾಭಿಷೇಕಕ್ಕೆ ಅವರನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆ, ಆ ಫೋಟೋಗಳೂ ಅಲ್ಲೇ ಇದ್ದವು. ಅಮ್ಮ ಹೋದ ಆಷಾಢದಲ್ಲಿ ತೀರಿಕೊಂಡರು.

ಶುಕ್ರವಾರ ನನ್ನ ತಮ್ಮ ಕಾರಿಗೆ ಹಾಡು ತುಂಬಲು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡೋಕೆ ಕೂತ. ಲ್ಯಾಪ್‌ಟಾಪ್‌ಗೆ ಎರಡೂ ಸಿಕ್ಕಿಸಿದ್ದವು. ಕೈ ತಪ್ಪಿ ಹಾರ್ಡ್ ಡಿಸ್ಕ್ ಮೇಲೆ ಬಿತ್ತು. ಫಾರ್ಮ್ಯಾಟ್ ಕೇಳುವ ಆ ಚೌಕದಲ್ಲಿ 931 ಜಿಬಿ ಅಂತ ಬರೆದಿರುತ್ತೆ, ಅವನು ಗಮನಿಸಿಲ್ಲ. ಅಷ್ಟೇ ಅಲ್ಲ, ಅದರ ಮೇಲೆ 340 ಸಿನಿಮಾ ಹಾಡು ಬೇರೆ ಕಾಪಿ ಮಾಡಿದ್ದಾನೆ, ಹತ್ತಿರ ಹತ್ತಿರ 2 ಜಿಬಿ.

ನಿನ್ನೆ ಹಾಸನದಲ್ಲಿ ಎರಡು ಅಂಗಡಿಗೆ ಹೋಗಿ ಬಂದೆ. ಒಬ್ಬರು "ಫಾರ್ಮ್ಯಾಟ್ ಆದ್ಮೇಲೆ ಮುಗೀತು ಸರ್" ಅಂದರು. ಇನ್ನೊಬ್ಬರು 18,000 ಕೇಳಿದರು, ಸಿಗುತ್ತೋ ಬಿಡುತ್ತೋ ಹೇಳಕ್ಕಾಗಲ್ಲ ಅಂದರು. ತಮ್ಮ ಎರಡು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ.

ಮೂಡಿಗೆರೆ ಮಗಳು · ಭಾನುವಾರ ರಾತ್ರಿ 9:52

ಮೇಷ್ಟ್ರೇ, ಓದಿ ತುಂಬಾ ಬೇಜಾರಾಯ್ತು. ಒಂದೇ ಮಾತು: ಆ ಡಿಸ್ಕನ್ನು ಈಗಲೇ ಲ್ಯಾಪ್‌ಟಾಪ್‌ನಿಂದ ಬಿಚ್ಚಿಡಿ. ಇಲ್ಲಿ ತಿಳಿದವರು ಬಂದು ಹೇಳುವ ತನಕ ಸಿಕ್ಕಿಸಲೇಬೇಡಿ. ಆ ಸಿನಿಮಾ ಹಾಡುಗಳನ್ನು ಡಿಲೀಟ್ ಕೂಡ ಮಾಡಬೇಡಿ.

ಹಾಸನದ ರಿಪೇರಿ ಹುಡುಗ · ಭಾನುವಾರ ರಾತ್ರಿ 10:31

ಸರ್, ಧೈರ್ಯವಾಗಿರಿ. ನೀವು ಹೇಳಿದ್ದರಲ್ಲಿ ಒಳ್ಳೆಯ ಲಕ್ಷಣಗಳು ಜಾಸ್ತಿ ಇವೆ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ಮುಂದೆ ಏನು ಮಾಡಬಾರದು ಅನ್ನೋದು ತಾನಾಗಿ ಗೊತ್ತಾಗುತ್ತೆ.

ನಾಡಕಚೇರಿಯಲ್ಲಿ ಪಹಣಿ ಪುಸ್ತಕ ಹರಿದು ಹೋಯ್ತು ಅಂದ್ಕೊಳ್ಳಿ. ಹೊಲ ಎಲ್ಲಿಗೂ ಹೋಗಲ್ಲ. ರಾಗಿ ಪೈರು ಅಲ್ಲೇ ನಿಂತಿರುತ್ತೆ. ಆದ್ರೆ ಆ ಹೊಲ ಯಾರದ್ದು ಅಂತ ಪುಸ್ತಕದಲ್ಲಿ ಇಲ್ಲ. ಹೊಸ ಪುಸ್ತಕದ ಲೆಕ್ಕದಲ್ಲಿ ಅದು ಖಾಲಿ ಜಾಗ, ಯಾರು ಬೇಕಾದ್ರೂ ಬಂದು ಉಳಬಹುದು. ಕ್ವಿಕ್ ಫಾರ್ಮ್ಯಾಟ್ ಮಾಡೋದು ಇಷ್ಟೇ, ಪುಸ್ತಕ ಹೊಸದು ಇಡುತ್ತೆ. ನಿಮ್ಮ ತಮ್ಮ ಕಾಪಿ ಮಾಡಿದ 2 ಜಿಬಿ ಹಾಡು ಮಾತ್ರ ನಿಜವಾಗಿ ಉಳುಮೆ ಮಾಡಿದ ಜಾಗ. 931ರಲ್ಲಿ 2.

ಕ್ವಿಕ್ ಫಾರ್ಮ್ಯಾಟ್ ಅನ್ನೋ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದ್ರೆ ಕಥೆ ಬೇರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪೂರ್ತಿ ಫಾರ್ಮ್ಯಾಟ್ ಅಂದ್ರೂ ಕೆಟ್ಟ ಸೆಕ್ಟರ್, ಅಂದ್ರೆ ಡಿಸ್ಕ್‌ನ ಕೆಟ್ಟ ಚಿಕ್ಕ ತುಣುಕು, ಹುಡುಕುತ್ತಿತ್ತು ಅಷ್ಟೇ. ವಿಸ್ಟಾದಿಂದ ಈಚೆಗೆ ಡಿಸ್ಕ್ ತುಂಬಾ ಸೊನ್ನೆ ಬರೆಯುತ್ತೆ. ಅದಾದ ಮೇಲೆ ಎಂಥವರಿಂದಲೂ ಆಗಲ್ಲ. ಆದ್ರೆ 1 ಟಿಬಿಗೆ ಅದು ಗಂಟೆಗಟ್ಟಲೆ ಹಿಡಿಯುತ್ತೆ. ನಿಮ್ಮ ತಮ್ಮನಿಗೆ ಎಷ್ಟು ಹೊತ್ತು ಹಿಡಿಯಿತು ಕೇಳಿ.

ಹಾಗೆಯೇ ಮೂರು ವಿಷಯ ಹೇಳಿ. ಒಳಗಿರೋದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯೋ? ಮೊದಲು ಎನ್‌ಟಿಎಫ್‌ಎಸ್, ಅಂದ್ರೆ ವಿಂಡೋಸ್ ಫೈಲ್‌ಗಳನ್ನು ಡಿಸ್ಕ್‌ನಲ್ಲಿ ಜೋಡಿಸಿಡುವ ಪದ್ಧತಿ, ಇತ್ತಾ? ಸಿಕ್ಕಿಸಿದಾಗ ಟಿಕ್ ಟಿಕ್ ಅಂತ ಸದ್ದೇನಾದ್ರೂ ಬರುತ್ತಿತ್ತಾ?

ಅರಕಲಗೂಡು ಮೇಷ್ಟ್ರು · ಭಾನುವಾರ ರಾತ್ರಿ 11:05

ಹತ್ತು ಸೆಕೆಂಡೂ ಆಗಿಲ್ಲವಂತೆ. ತಿರುಗುವ ಡಿಸ್ಕೇ, ಕೈಯಲ್ಲಿ ಹಿಡಿದರೆ ಸಣ್ಣಗೆ ನಡುಗುವುದು ಗೊತ್ತಾಗುತ್ತಿತ್ತು. ಮೊದಲೂ ಎನ್‌ಟಿಎಫ್‌ಎಸ್, ಈಗಲೂ ಅದೇ. ಟಿಕ್ ಟಿಕ್ ಇಲ್ಲ. ಆದರೆ ಕೆಲವು ತಿಂಗಳಿಂದ ದೊಡ್ಡ ಫೋಲ್ಡರ್ ತೆಗೆದರೆ ಸ್ವಲ್ಪ ಹೊತ್ತು ನಿಂತು ಬಿಡುತ್ತಿತ್ತು. ಬಿಚ್ಚಿ ಅಲಮಾರಿಯಲ್ಲಿ ಇಟ್ಟಿದ್ದೇನೆ.

ಸಕಲೇಶಪುರ ತೋಟ · ಸೋಮವಾರ ಬೆಳಗ್ಗೆ 7:15

ನಮ್ಮ ತೋಟದ ಲೆಕ್ಕದ ಡಿಸ್ಕ್ ಒಂದ್ಸಲ ಹೀಗೇ ಆಗಿತ್ತು. ಡಿಸ್ಕ್ ತಪ್ಪು ಸರಿಪಡಿಸೋಕೆ ವಿಂಡೋಸ್‌ನಲ್ಲೇ ಇರೋ ಚೆಕ್‌ಡಿಸ್ಕ್ ಓಡಿಸಿದ್ವಿ, ಸರಿ ಹೋಯ್ತು. ಅದನ್ನೊಮ್ಮೆ ಮಾಡಿ ನೋಡಬಹುದಲ್ವಾ? ಇಲ್ಲಾಂದ್ರೆ ಒಂದು ರಿಕವರಿ ಸಾಫ್ಟ್‌ವೇರ್ ಇಳಿಸಿ ಸೀದಾ ಅದರ ಮೇಲೇ ಓಡಿಸಿ.

ಹಾಸನದ ರಿಪೇರಿ ಹುಡುಗ · ಸೋಮವಾರ ಬೆಳಗ್ಗೆ 8:20

ಅಣ್ಣ, ನಿಮ್ಮ ಡಿಸ್ಕ್ ಫಾರ್ಮ್ಯಾಟ್ ಆಗಿರಲಿಲ್ಲ, ಫೈಲ್ ಸಿಸ್ಟಮ್ ಸ್ವಲ್ಪ ಕೆಟ್ಟಿತ್ತು ಅನ್ಸುತ್ತೆ. ಅಲ್ಲಿ ಚೆಕ್‌ಡಿಸ್ಕ್ ಕೆಲಸ ಮಾಡುತ್ತೆ. ಇಲ್ಲಿ ಬೇಡವೇ ಬೇಡ. ಚೆಕ್‌ಡಿಸ್ಕ್ ನೋಡೋದು ಹೊಸ ಪುಸ್ತಕವನ್ನು ಮಾತ್ರ. ಅದರಲ್ಲಿ ಇಲ್ಲದ್ದು ಅದಕ್ಕೆ ಲೆಕ್ಕಕ್ಕಿಲ್ಲ. ಮೇಲಾಗಿ ಅದು ಡಿಸ್ಕ್ ಮೇಲೆ ಬರೆಯುತ್ತೆ. ನಮಗೆ ಈಗ ಒಂದಕ್ಷರ ಬರೆಯೋದೂ ಬೇಡ.

ಮೇಷ್ಟ್ರೇ, ನೀವು ಹೇಳಿದ "ನಿಂತು ಬಿಡುತ್ತಿತ್ತು" ಅನ್ನೋ ಮಾತು ನನಗೆ ಫಾರ್ಮ್ಯಾಟ್‌ಗಿಂತ ಜಾಸ್ತಿ ಚಿಂತೆ ಹಚ್ಚಿದೆ. ಡಿಸ್ಕ್‌ಗೆ ವಯಸ್ಸಾಗಿದೆ. ಡಿಸ್ಕ್‌ನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ಸಿಕ್ಕಿಸಿ, ಅದನ್ನು ತೆಗೆದು, ಸಿ5 ಅನ್ನೋ ಸಾಲು ನೋಡಿ, ಮೊಬೈಲ್‌ನಲ್ಲಿ ಫೋಟೋ ತೆಗೆದು, ತಕ್ಷಣ ಬಿಚ್ಚಿ. ಐದು ನಿಮಿಷದ ಕೆಲಸ. ವಿಂಡೋಸ್ "ಸ್ಕ್ಯಾನ್ ಮಾಡಲಾ" ಅಂತ ಕೇಳಿದ್ರೆ ಬೇಡ ಅನ್ನಿ.

ಅರಕಲಗೂಡು ಮೇಷ್ಟ್ರು · ಸೋಮವಾರ ಸಂಜೆ 6:10

ಸ್ಕೂಲಿನಿಂದ ಬಂದು ನೋಡಿದೆ. ಹಳದಿ ಬಣ್ಣದಲ್ಲಿ ಕಾಷನ್ ಅಂತ ತೋರಿಸುತ್ತಿದೆ. ಸಿ5 ಸಾಲಿನಲ್ಲಿ ಸೊನ್ನೆ ಇಲ್ಲ, ಕೊನೆಯಲ್ಲಿ 18 ಅಂತಿದೆ.

ಹಾಸನದ ರಿಪೇರಿ ಹುಡುಗ · ಸೋಮವಾರ ರಾತ್ರಿ 9:00

ಅಂದ್ರೆ ಓದಲು ಒದ್ದಾಡುತ್ತಿರುವ ಸೆಕ್ಟರ್‌ಗಳು ಇವೆ. ಗಾಬರಿ ಬೇಡ. ಆದ್ರೆ ಈ ಡಿಸ್ಕ್ ಮೇಲೆ ನೇರವಾಗಿ ಯಾವ ರಿಕವರಿಯನ್ನೂ ಓಡಿಸಬಾರದು. ಒಂದು ಸಾಫ್ಟ್‌ವೇರ್ ಸರಿಯಾಗಲಿಲ್ಲ ಅಂತ ಇನ್ನೊಂದು, ಅದೂ ಆಗಲಿಲ್ಲ ಅಂತ ಮತ್ತೊಂದು, ಹೀಗೆ ನಾಲ್ಕೈದು ಸಲ ಪೂರ್ತಿ ಓದಿಸಿದ್ರೆ ಹಳೇ ಡಿಸ್ಕ್ ಮಧ್ಯದಲ್ಲೇ ಕೈ ಕೊಡಬಹುದು. ನನ್ನ ಟೇಬಲ್ ಮೇಲೆ ಹಾಗೆ ಕೈ ಕೊಟ್ಟಿದ್ದನ್ನು ನೋಡಿದ್ದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಒಂದೇ ಸಲ ಪೂರ್ತಿ ಓದಿ ಇಮೇಜ್ ಮಾಡಿಕೊಳ್ಳೋಣ. ಇಮೇಜ್ ಅಂದ್ರೆ ಫೈಲ್‌ಗಳ ಕಾಪಿ ಅಲ್ಲ. ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್ ತನಕ, ಖಾಲಿ ಅಂತ ಕಾಣೋ ಜಾಗವೂ ಸೇರಿ, ಇದ್ದದ್ದು ಇದ್ದ ಹಾಗೆ ಒಂದು ದೊಡ್ಡ ಫೈಲ್. ಆಮೇಲೆ ಅಮ್ಮನ ಡಿಸ್ಕ್ ಅಲಮಾರಿಗೆ ಹೋಗುತ್ತೆ. ನಾವು ಆಟ ಆಡೋದೆಲ್ಲ ಇಮೇಜ್ ಮೇಲೆ.

ಇದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಬಳಸೋಣ. ಉಚಿತ. ವಿಂಡೋಸ್ ಬದಲು ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಅದರಲ್ಲಿ ಹಾಕಿಕೊಳ್ಳಬಹುದು. ಇದರ ಗುಣ ಏನಂದ್ರೆ, ಕೆಟ್ಟ ಜಾಗ ಸಿಕ್ಕಿದ್ರೆ ಅಲ್ಲೇ ಜಗ್ಗಾಡಲ್ಲ. ಬಿಟ್ಟು ಮುಂದೆ ಹೋಗಿ ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೊನೆಗೆ ಕೆಟ್ಟ ಜಾಗಕ್ಕೆ ವಾಪಸ್ ಬರುತ್ತೆ. ಎಲ್ಲಿ ತನಕ ಓದಿದೆ ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತೆ. ಮಳೆ ಬಂದು ಕರೆಂಟ್ ಹೋದ್ರೂ, ಅದೇ ಮ್ಯಾಪ್ ಫೈಲ್ ಕೊಟ್ಟು ಶುರು ಮಾಡಿದ್ರೆ ನಿಂತಲ್ಲಿಂದಲೇ ಮುಂದುವರಿಯುತ್ತೆ. ಆದ್ದರಿಂದ ಮ್ಯಾಪ್ ಫೈಲನ್ನು ಹೊಸ ಡಿಸ್ಕ್ ಮೇಲೇ ಇಡಿ. ಲೈವ್ ಉಬುಂಟುವಿನ ಡೆಸ್ಕ್‌ಟಾಪ್ ಮೇಲೆ ಇಟ್ಟರೆ ಮೆಷಿನ್ ಆಫ್ ಆದಾಗ ಅದೂ ಹೋಗುತ್ತೆ.

2 ಟಿಬಿಯ ಹೊಸ ಡಿಸ್ಕ್ ಒಂದು ತಗೊಳ್ಳಿ. ಇಮೇಜ್‌ಗೆ 931 ಜಿಬಿ ಬೇಕು, ಹೊರಗೆ ತೆಗೆಯೋ ಫೈಲ್‌ಗಳಿಗೂ ಜಾಗ ಬೇಕು. ಅದು ಎನ್‌ಟಿಎಫ್‌ಎಸ್ ಇರಲಿ. ಎಫ್‌ಎಟಿ32 ಅನ್ನೋ ಹಳೇ ಪದ್ಧತಿ ಆದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯಲ್ಲ. ಸೆಕೆಂಡಿಗೆ 80 ಎಂಬಿ ವೇಗ ಸಿಕ್ಕಿದ್ರೆ ಮೂರೂವರೆ ಗಂಟೆ. ಹಳೇ ಯುಎಸ್‌ಬಿ 2 ಪೋರ್ಟ್‌ಗೆ ಸಿಕ್ಕಿಸಿ 30 ಎಂಬಿ ಬಂದ್ರೆ ಒಂಬತ್ತು ಗಂಟೆ ದಾಟುತ್ತೆ. ಒಳಗೆ ನೀಲಿ ಬಣ್ಣ ಇರೋ ಪೋರ್ಟ್ ನೋಡಿ ಸಿಕ್ಕಿಸಿ.

ಕಮಾಂಡ್‌ನಲ್ಲಿ ಮೊದಲು ಮೂಲ ಡಿಸ್ಕ್, ಆಮೇಲೆ ಇಮೇಜ್, ಕೊನೆಗೆ ಮ್ಯಾಪ್ ಫೈಲ್. ಈ ಕ್ರಮ ಹಿಂದೆ ಮುಂದೆ ಆಗಲೇಬಾರದು. ಎಂಟರ್ ಒತ್ತುವ ಮುಂಚೆ ಪರದೆಯ ಫೋಟೋ ತೆಗೆದು ನನಗೆ ಕಳಿಸಿ, ನೋಡಿ ಹೇಳ್ತೀನಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ.

ಕೊಪ್ಪದ ಕ್ಯಾಮೆರಾ · ಮಂಗಳವಾರ ಮಧ್ಯಾಹ್ನ 1:30

ನಾನು ಮದುವೆ ಫೋಟೋ ತೆಗೆಯುವವನು. ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಆಗಿ ಎರಡು ಸಲ ಒದ್ದಾಡಿದ್ದೀನಿ. ಫೋಟೊರೆಕ್ ಅನ್ನೋ ರಿಕವರಿ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ, ಟೆಸ್ಟ್‌ಡಿಸ್ಕ್ ಅನ್ನೋ ಇನ್ನೊಂದರ ಜೊತೆಯಲ್ಲೇ ಬರುತ್ತೆ. ಇದು ಪುಸ್ತಕವನ್ನು ನೋಡೋದೇ ಇಲ್ಲ. ಸೀದಾ ಹೊಲಕ್ಕಿಳಿದು ಪೈರಿನ ಗುರುತು ಹಿಡಿಯುತ್ತೆ. ಪ್ರತಿ ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಅನ್ನೋ ಬೈಟ್‌ಗಳಿಂದ ಶುರುವಾಗುತ್ತೆ. ಅದು ಕಂಡಲ್ಲಿಂದ ಎತ್ತಿಕೊಳ್ಳುತ್ತಾ ಹೋಗುತ್ತೆ.

ಕಷ್ಟ ಏನಂದ್ರೆ ಹೆಸರು ಬರಲ್ಲ, ಫೋಲ್ಡರ್ ಬರಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದದ ನಂಬರ್, ಅಷ್ಟೇ. ನನಗೆ ಆರು ಸಾವಿರ ಫೋಟೋ ಹಾಗೆ ಬಂದವು. ಫೋಟೋ ಒಳಗಿನ ಎಕ್ಸಿಫ್‌ನಲ್ಲಿ ತಾರೀಖು ಇರುತ್ತೆ ನೋಡಿ, ಅದರಿಂದ ಜೋಡಿಸಿಕೊಂಡೆ. ವಿಡಿಯೋ ಮಾತ್ರ ಕೈಗೆ ಸಿಗಲಿಲ್ಲ. ದೊಡ್ಡ ಫೈಲ್‌ಗಳು ಡಿಸ್ಕ್ ಮೇಲೆ ತುಂಡು ತುಂಡಾಗಿ ಕೂತಿರುತ್ತವೆ. ಫೋಟೊರೆಕ್ ಮೊದಲ ತುಂಡು ಹಿಡಿದು, ಮುಂದಿನದು ಎಲ್ಲಿ ಅಂತ ಗೊತ್ತಾಗದೆ ನಿಂತು ಬಿಡುತ್ತೆ.

ಹಾಸನದ ರಿಪೇರಿ ಹುಡುಗ · ಮಂಗಳವಾರ ಮಧ್ಯಾಹ್ನ 2:45

ಸರಿಯಾಗಿ ಹೇಳಿದ್ರಿ ಅಣ್ಣ. ಅದಕ್ಕೇ ಮೇಷ್ಟ್ರಿಗೆ ನಾನು ಫೋಟೊರೆಕ್‌ನಿಂದ ಶುರು ಮಾಡಿ ಅನ್ನಲ್ಲ. ಎಲ್ಲ ಕಡೆ ಮೊದಲು ಅದರ ಹೆಸರೇ ಹೇಳ್ತಾರೆ. ಎನ್‌ಟಿಎಫ್‌ಎಸ್ ಆದ್ರೆ ಮೊದಲು ಹಳೇ ಪುಸ್ತಕದ ಹಾಳೆ ಉಳಿದಿದೆಯಾ ನೋಡಬೇಕು.

ಆ ಪುಸ್ತಕಕ್ಕೆ ಎಂಎಫ್‌ಟಿ ಅಂತ ಹೆಸರು. ಒಂದೊಂದು ಫೈಲ್‌ಗೂ ಸಾಮಾನ್ಯವಾಗಿ 1024 ಬೈಟ್‌ನ ಒಂದು ದಾಖಲೆ. ಫೈಲ್‌ನ ಹೆಸರು, ತಾರೀಖು, ಯಾವ್ಯಾವ ತುಂಡು ಎಲ್ಲೆಲ್ಲಿದೆ, ಎಲ್ಲ ಅದರಲ್ಲೇ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕ್‌ನಲ್ಲಿ ಇದು ಹೆಚ್ಚಾಗಿ ಮೊದಲ 3 ಜಿಬಿ ದಾಟಿದ ಮೇಲೆ ಶುರುವಾಗುತ್ತೆ. ಮತ್ತೆ ಫಾರ್ಮ್ಯಾಟ್ ಮಾಡಿದ್ರೆ ಹೊಸ ಎಂಎಫ್‌ಟಿಯೂ ಅದೇ ಜಾಗದಲ್ಲಿ ಕೂರುತ್ತೆ. ಆದ್ರೆ ಹೊಸದು ಚಿಕ್ಕದು. 340 ಹಾಡಿಗೆ 340 ದಾಖಲೆ, ಜೊತೆಗೆ ಎನ್‌ಟಿಎಫ್‌ಎಸ್ ಶುರುವಿನಲ್ಲಿ ತನಗೇ ಇಟ್ಟುಕೊಳ್ಳೋ ಒಂದಷ್ಟು. ಹಳೆಯದರಲ್ಲಿ ಹತ್ತಾರು ಸಾವಿರ ಇದ್ದಿರಬೇಕು. ಮೇಲಿನ ಕೆಲವು ಹಾಳೆ ಹೋಗಿವೆ, ಕೆಳಗಿನ ಕಟ್ಟು ಹಾಗೇ ಇದೆ ಅನ್ನೋದು ನನ್ನ ನಂಬಿಕೆ.

ಮೇಷ್ಟ್ರೇ, ಇದರಲ್ಲಿ ಒಂದು ಬೇಜಾರಿನ ಮಾತೂ ಇದೆ, ಮೊದಲೇ ಹೇಳಿಬಿಡ್ತೀನಿ. ಮೇಲಿನ ಹಾಳೆ ಅಂದ್ರೆ ನೀವು ಈ ಡಿಸ್ಕ್‌ಗೆ ಮೊಟ್ಟಮೊದಲು ಹಾಕಿದ ಫೈಲ್‌ಗಳು.

ಅರಕಲಗೂಡು ಮೇಷ್ಟ್ರು · ಮಂಗಳವಾರ ರಾತ್ರಿ 8:30

ಮೊಟ್ಟಮೊದಲು ಹಾಕಿದ್ದು ಆ ರೆಕಾರ್ಡರ್‌ನ ಹಾಡುಗಳೇ. ಅವಕ್ಕಾಗಿಯೇ ಡಿಸ್ಕ್ ತಗೊಂಡಿದ್ದು.

ಹೊಸ 2 ಟಿಬಿ ಡಿಸ್ಕ್ ತಂದೆ. ಉಬುಂಟು ಪೆನ್‌ಡ್ರೈವ್ ಸಿದ್ಧ ಇದೆ. ನಾಳೆ ರಾತ್ರಿ ಕೂರುತ್ತೇನೆ.

ಬೇಲೂರು ಡಿಟಿಪಿ · ಬುಧವಾರ ಬೆಳಗ್ಗೆ 11:00

ಒಂದು ಸಣ್ಣ ಮಾತು, ಆದ್ರೆ ಕನ್ನಡದವರಿಗೆ ಬೇಕಾದದ್ದು. ಹಾಡುಗಳ ಸಾಹಿತ್ಯ ಟೈಪ್ ಮಾಡಿ ಇಟ್ಟಿದ್ರೆ, ಫೈಲ್ ವಾಪಸ್ ಬಂದಾಗ ತೆರೆದು ನೋಡಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೊಂದಲ ಕಂಡರೆ "ಫೈಲ್ ಹಾಳಾಗಿದೆ" ಅಂತ ಎಸೆಯಬೇಡಿ. ಹಳೇ ನುಡಿ, ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹಾಗೇ ಕಾಣೋದು. ಫಾಂಟ್ ಹಾಕಿದ್ರೆ ಕನ್ನಡ ಬರುತ್ತೆ. ಆಮೇಲೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನಮ್ಮ ಅಂಗಡಿಯಲ್ಲಿ ಒಬ್ಬರು ಅಜ್ಜ ಇಂಥದ್ದೇ ಫೈಲ್ ತಂದು "ವೈರಸ್ ತಿಂದಿದೆ" ಅಂದಿದ್ರು. ಎಂಬತ್ತು ಪುಟ ಇದ್ದದ್ದು ಇದ್ದ ಹಾಗೇ ಇತ್ತು.

ಅರಕಲಗೂಡು ಮೇಷ್ಟ್ರು · ಗುರುವಾರ ಬೆಳಗ್ಗೆ 6:20

ಇಮೇಜ್ ಮುಗಿಯಿತು! ರಾತ್ರಿ ಹನ್ನೊಂದರ ಹೊತ್ತಿಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮುಕ್ಕಾಲು ಗಂಟೆ ಹಿಡಿದು ಆಫ್ ಆಯಿತು. ಕರೆಂಟ್ ಬಂದ ಮೇಲೆ ಅದೇ ಮ್ಯಾಪ್ ಫೈಲ್ ಕೊಟ್ಟೆ. ನೀವು ಹೇಳಿದ ಹಾಗೆ ನಿಂತಲ್ಲಿಂದಲೇ ಹೊರಟಿತು. 99.99 ಶೇಕಡಾ ಓದಿದೆ, ಹದಿನಾಲ್ಕು ಕಡೆ ಮಾತ್ರ ಓದಲು ಆಗಿಲ್ಲ ಅಂತ ತೋರಿಸುತ್ತಿದೆ. ತಮ್ಮ ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದ.

ಹಾಸನದ ರಿಪೇರಿ ಹುಡುಗ · ಗುರುವಾರ ಬೆಳಗ್ಗೆ 8:05

ಅಬ್ಬಾ! ಅರ್ಧ ಗೆದ್ದ ಹಾಗೆ ಸರ್. ಈಗ ಮಲಗಿ. ಸಂಜೆ ಇಮೇಜನ್ನು ಡಿಎಂಡಿಇ ಅನ್ನೋ ರಿಕವರಿ ಸಾಫ್ಟ್‌ವೇರ್‌ನಲ್ಲಿ ತೆಗೆದು ಫುಲ್ ಸ್ಕ್ಯಾನ್ ಕೊಡಿ. ಎಂಎಫ್‌ಟಿಯ ಪ್ರತಿ ದಾಖಲೆ FILE ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರದಿಂದ ಶುರುವಾಗುತ್ತೆ. ಅದನ್ನೇ ಹಿಡಿದು ಹಳೇ ಪುಸ್ತಕವನ್ನು ಮತ್ತೆ ಹೊಲಿಯುತ್ತೆ. ಎರಡು ಎನ್‌ಟಿಎಫ್‌ಎಸ್ ಕಾಣಬಹುದು, ತಮ್ಮ ಮಾಡಿದ್ದು ಒಂದು, ನಿಮ್ಮದು ಒಂದು. ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್ ತನಕ ತೆಗೆಯಬಹುದು. ನಿಮಗೆ ಅದು ಧಾರಾಳ.

ಮೂಡಿಗೆರೆ ಮಗಳು · ಗುರುವಾರ ಮಧ್ಯಾಹ್ನ 12:40

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಹೀಗೇ ಫಾರ್ಮ್ಯಾಟ್ ಆದ್ರೆ ಇದೇ ದಾರೀನಾ?

ಹಾಸನದ ರಿಪೇರಿ ಹುಡುಗ · ಗುರುವಾರ ಮಧ್ಯಾಹ್ನ 1:15

ಇಲ್ಲಮ್ಮ, ಅಲ್ಲಿ ಆಸೆ ತುಂಬಾ ಕಡಿಮೆ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಅಂತ ಇದೆ. ಫಾರ್ಮ್ಯಾಟ್ ಆದ ಕೂಡಲೇ "ಈ ಜಾಗ ಇನ್ನು ಬೇಡ" ಅಂತ ಎಸ್‌ಎಸ್‌ಡಿಗೆ ಹೇಳಿಬಿಡುತ್ತೆ. ಎಸ್‌ಎಸ್‌ಡಿ ತಾನೇ ಒಳಗೆ ಅಳಿಸಿಕೊಳ್ಳುತ್ತೆ. ಆಮೇಲೆ ಓದಿದ್ರೆ ಬರೀ ಸೊನ್ನೆ. ಈಚೆಗಿನ ಕೆಲವು ಚಿಕ್ಕ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗಳಲ್ಲೂ, ಎಸ್‌ಎಂಆರ್ ಅನ್ನೋ ಬಗೆಯವು, ಟ್ರಿಮ್ ಇದೆ. ಅವುಗಳಲ್ಲೂ ಕ್ವಿಕ್ ಫಾರ್ಮ್ಯಾಟ್ ಆದ್ರೆ ಕಷ್ಟ. ಮೇಷ್ಟ್ರ ಡಿಸ್ಕ್ 2013ರದ್ದು ಅಂದಾಗ ನನಗೆ ಸಮಾಧಾನ ಆಗಿದ್ದು ಇದಕ್ಕೇ.

ಡಿಸ್ಕ್‌ಗೆ ಬೀಗ ಹಾಕೋ ವಿಂಡೋಸ್‌ನ ಬಿಟ್‌ಲಾಕರ್ ಹಾಕಿದ್ರೆ 48 ಅಂಕಿಯ ರಿಕವರಿ ಕೀ ಬರೆದು ಬೀರುವಿನಲ್ಲಿ ಇಡಿ. ಅದಿಲ್ಲದೆ ಫೈಲ್ ಸಿಕ್ಕಿದ್ರೂ ಓದೋಕೆ ಬರಲ್ಲ.

ಸಕಲೇಶಪುರ ತೋಟ · ಗುರುವಾರ ರಾತ್ರಿ 7:50

ಅಂಗಡಿಗೆ ಕೊಡಲೇಬೇಕಾದ್ರೆ ಏನು ಕೇಳಬೇಕು?

ಹಾಸನದ ರಿಪೇರಿ ಹುಡುಗ · ಗುರುವಾರ ರಾತ್ರಿ 9:10

ಟಿಕ್ ಟಿಕ್ ಸದ್ದು ಬಂದ್ರೆ, ಕೆಳಗೆ ಬಿದ್ದಿದ್ರೆ, ನೀರು ಹೋಗಿದ್ರೆ ಮನೇಲಿ ಮುಟ್ಟಬೇಡಿ. ಡಿಸ್ಕ್ ಒಳಗೆ ಓದುವ ಭಾಗವಾದ ಹೆಡ್ ಬದಲಿಸಲು ಧೂಳಿಲ್ಲದ ಕೋಣೆ ಬೇಕು, ನಮ್ಮಂಥವರ ಟೇಬಲ್ ಮೇಲೆ ಆಗುವ ಕೆಲಸ ಅಲ್ಲ. ಯಾರಾದ್ರೂ ಕೌಂಟರ್ ಮೇಲೇ ಡಿಸ್ಕ್ ಮುಚ್ಚಳ ಬಿಚ್ಚಲು ಹೊರಟರೆ ಕೈಯಿಂದ ಕಿತ್ಕೊಂಡು ಬನ್ನಿ. ಸಾಮಾನ್ಯ ಫಾರ್ಮ್ಯಾಟ್ ಆಗಿದ್ರೆ, "ಮೊದಲು ಇಮೇಜ್ ಮಾಡ್ತೀರಾ? ದುಡ್ಡು ಕೊಡೋ ಮುಂಚೆ ಸಿಕ್ಕಿದ ಫೈಲ್ ತೆರೆದು ತೋರಿಸ್ತೀರಾ?" ಅಂತ ಕೇಳಿ. ಇಮೇಜ್ ಅಂದ್ರೇನು ಅಂತ ಅವರೇ ತಿರುಗಿ ಕೇಳಿದ್ರೆ ಡಿಸ್ಕ್ ಕೊಡಬೇಡಿ.

ಅರಕಲಗೂಡು ಮೇಷ್ಟ್ರು · ಶುಕ್ರವಾರ ರಾತ್ರಿ 10:15

ಡಿಎಂಡಿಇ ಹಳೆಯ ಎನ್‌ಟಿಎಫ್‌ಎಸ್ ಹಿಡಿದುಕೊಟ್ಟಿತು. ಫೋಲ್ಡರ್‌ಗಳು ನಾನು ಇಟ್ಟ ಹೆಸರಿನಲ್ಲೇ ಸಾಲಾಗಿ ಬಂದವು. "ಅಮ್ಮ ಮೊಬೈಲ್" ಅನ್ನುವ ಫೋಲ್ಡರ್ ಕಂಡಾಗ ತಮ್ಮ ಎದ್ದು ಹೊರಗೆ ಹೋಗಿಬಿಟ್ಟ. ಮೊಬೈಲ್‌ನ 47 ಹಾಡು ಸಿಕ್ಕಿವೆ, ತಾರೀಖಿನ ಸಮೇತ. ಶ್ರವಣಬೆಳಗೊಳದ ಫೋಟೋಗಳಲ್ಲಿ ಒಂದೇ ಒಂದು ಹಾಳಾಗಿದೆ. ಅಮ್ಮನ ಮುಖ, ತಲೆ ಮೇಲಿನ ಸೆರಗು ಸ್ಪಷ್ಟವಾಗಿದೆ, ಭುಜದಿಂದ ಕೆಳಗೆ ಪೂರ್ತಿ ಬೂದಿ ಬಣ್ಣ. ಅದನ್ನೂ ಇಟ್ಟುಕೊಂಡಿದ್ದೇನೆ.

ನೀವು ಹೇಳಿದ ಹಾಗೇ ಆಯಿತು. ರೆಕಾರ್ಡರ್‌ನ 17 ಹಾಡುಗಳ ಹೆಸರೇ ಎಲ್ಲೂ ಇಲ್ಲ.

ಹಾಸನದ ರಿಪೇರಿ ಹುಡುಗ · ಶುಕ್ರವಾರ ರಾತ್ರಿ 10:40

ಈಗ ಬಂತು ನೋಡಿ ಫೋಟೊರೆಕ್ ಸರದಿ. ಇಮೇಜ್ ಮೇಲೆ ಓಡಿಸಿ. ಫೈಲ್ ಬಗೆಗಳಲ್ಲಿ ಎಲ್ಲ ತೆಗೆದು ಎಂಪಿ3 ಒಂದನ್ನೇ ಬಿಡಿ. ಎಲ್ಲಿ ಹುಡುಕಲಿ ಅಂತ ಕೇಳಿದಾಗ ಹೋಲ್ ಅನ್ನಬೇಡಿ, ಫ್ರೀ ಅನ್ನಿ. ಆಗ ಖಾಲಿ ಜಾಗದಲ್ಲಿ ಮಾತ್ರ ಹುಡುಕುತ್ತೆ, ಆ 340 ಸಿನಿಮಾ ಹಾಡು ಅಡ್ಡ ಬರಲ್ಲ. ನಿಮ್ಮಮ್ಮನ ಹಾಡು ಇರೋದು ಅದೇ "ಖಾಲಿ" ಜಾಗದಲ್ಲಿ. ನೀವು ಆ ಸಿನಿಮಾ ಹಾಡುಗಳನ್ನು ಡಿಲೀಟ್ ಮಾಡದೆ ಬಿಟ್ಟಿದ್ದು ಈಗ ಉಪಯೋಗಕ್ಕೆ ಬಂತು.

ರೆಕಾರ್ಡರ್‌ನ ಹಾಡುಗಳು ಎಂಪಿ3 ಆಗಿದ್ದೂ ಒಳ್ಳೆಯದೇ. ಎಂಪಿ3 ಸಣ್ಣ ಸಣ್ಣ ಫ್ರೇಮ್‌ಗಳ ಸರಪಳಿ, ಪ್ರತಿ ಫ್ರೇಮ್‌ಗೂ ತನ್ನದೇ ತಲೆಬರಹ ಇರುತ್ತೆ. ಮಧ್ಯೆ ಒಂದು ತುಂಡು ಹೋದ್ರೂ ಉಳಿದದ್ದು ಹಾಡುತ್ತೆ. ಮೊಬೈಲ್‌ನ ಎಂ4ಎ ಹಾಗಲ್ಲ. ಅದರ ಸೂಚಿ ಒಂದೇ ಕಡೆ ಇರುತ್ತೆ, ಅದು ಹೋದ್ರೆ ಫೈಲ್ ತೆರೆಯೋದೇ ಇಲ್ಲ.

ಅರಕಲಗೂಡು ಮೇಷ್ಟ್ರು · ಭಾನುವಾರ ಸಂಜೆ 5:30

ಇನ್ನೂರಕ್ಕೂ ಹೆಚ್ಚು ಎಂಪಿ3 ಬಂದವು, ಎಲ್ಲಕ್ಕೂ ನಂಬರ್ ಹೆಸರು. ಹಳೆಯ ಭಾಷಣ, ಮಕ್ಕಳ ಪಾಠ ಎಲ್ಲ ಸೇರಿಕೊಂಡಿದ್ದವು. ನಿನ್ನೆ, ಇವತ್ತು ಒಂದೊಂದಾಗಿ ಕೇಳಿದೆವು. ಹೊಳೆನರಸೀಪುರದಿಂದ ಅಕ್ಕನೂ ಬಂದಿದ್ದಳು. ಮೊದಲ ಸಾಲು ಬಂದ ಕೂಡಲೇ ಇದು ಯಾವ ಪದ, ಯಾರ ಮದುವೆಯ ಹೊತ್ತಿಗೆ ಹಾಡಿದ್ದು ಅಂತ ಅವಳು ಹೇಳುತ್ತಿದ್ದಳು, ತಮ್ಮ ಹೆಸರು ಬರೆಯುತ್ತಿದ್ದ.

17ರಲ್ಲಿ 13 ಪೂರ್ತಿ ಸಿಕ್ಕಿವೆ. ಎರಡು ಅರ್ಧಂಬರ್ಧ. ಒಂದರಲ್ಲಿ ಅರಿಸಿನ ಹಚ್ಚುವ ಪದದ ನಡುವೆ ಕರ್ ಅಂತ ಸದ್ದಾಗಿ ಆಮೇಲೆ ಮತ್ತೆ ಅಮ್ಮನ ದನಿ ಬರುತ್ತದೆ. ಎರಡು ಸಿಗಲೇ ಇಲ್ಲ. ಅವು ಯಾವುವು ಅಂತ ಅಕ್ಕನಿಗೆ ನೆನಪಿದೆ. ಪದ ಬರುತ್ತದಂತೆ, ಬರೆದುಕೊಡುತ್ತೇನೆ ಅಂದಿದ್ದಾಳೆ.

ಅಕ್ಕ ಹೊರಡುವಾಗ ಒಂದು ಪ್ರತಿ ಅವಳ ಕೈಯಲ್ಲಿ ಕೊಟ್ಟು ಕಳಿಸಿದೆ. ಒಂದು ನನ್ನ ಹತ್ತಿರ, ಒಂದು ತಮ್ಮನ ಹತ್ತಿರ. ಹಳೆಯ ಡಿಸ್ಕ್ ಮೇಲೆ "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದ್ದೇನೆ.

ಎಲ್ಲರಿಗೂ ಕೈ ಮುಗಿಯುತ್ತೇನೆ. ರಿಪೇರಿ ಹುಡುಗ ಅಂತ ಹೆಸರಿಟ್ಟುಕೊಂಡವರೇ, ನೀವು ಯಾರೋ ಏನೋ, ರಾತ್ರಿ ಹನ್ನೆರಡಕ್ಕೆ ಕಮಾಂಡ್ ನೋಡಿ ಸರಿ ಇದೆ ಅಂದಿರಿ. ಅರಕಲಗೂಡಿನ ಕಡೆ ಬಂದರೆ ಮನೆಗೆ ಬನ್ನಿ.

ಕೊಪ್ಪದ ಕ್ಯಾಮೆರಾ · ಭಾನುವಾರ ಸಂಜೆ 6:00

ಕಣ್ಣು ತುಂಬಿ ಬಂತು ಮೇಷ್ಟ್ರೇ. ಆ ಅರ್ಧ ಬೂದಿ ಬಂದ ಫೋಟೋ ನನಗೆ ಕಳಿಸಿ. ಮುಖ ಚೆನ್ನಾಗಿದೆ ಅಂದ್ರಲ್ಲ, ಅಷ್ಟನ್ನು ಕತ್ತರಿಸಿ ದೊಡ್ಡದು ಮಾಡಿ ಪ್ರಿಂಟ್ ಹಾಕಿಕೊಡ್ತೀನಿ.

ಬೇಲೂರು ಡಿಟಿಪಿ · ಭಾನುವಾರ ಸಂಜೆ 6:25

ಅಕ್ಕ ಬರೆದುಕೊಟ್ಟ ಮೇಲೆ ಆ ಎರಡು ಪದ ನನಗೂ ಕಳಿಸಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡ್ತೀನಿ. ಒಂದು ಕೇಳಲಾ ಸರ್, ಮೊದಲು ಸಿಕ್ಕಿದ್ದು ಯಾವ ಹಾಡು?

ಅರಕಲಗೂಡು ಮೇಷ್ಟ್ರು · ಭಾನುವಾರ ಸಂಜೆ 6:50

ಬಾಗಿಲು ತಡೆಯುವಾಗ ಹಾಡುವ ಪದ. ಶುರುವಿನಲ್ಲಿ ಕುಕ್ಕರ್ ಕೂಗುತ್ತದೆ. ಆಮೇಲೆ ಅಮ್ಮ ಕೇಳುತ್ತಾರೆ, "ಆನ್ ಮಾಡಿದ್ಯೇನೋ? ಶುರು ಮಾಡ್ಲಾ?"